ಒಂದೇ ಯುದ್ಧಕ್ಕೆ ಇಷ್ಟೊಂದು ಕಾರಣ ಯಾಕೆ? ದೇಶಗಳ ನಡವಳಿಕೆ ವಿವರಿಸುವ ಸಿದ್ಧಾಂತಗಳ ಪರಿಚಯ

ಟಿವಿಯಲ್ಲಿ ಯುದ್ಧದ ಚರ್ಚೆ ನೋಡಿದವರಿಗೆಲ್ಲ ಈ ಗೊಂದಲ ಆಗಿಯೇ ಇರುತ್ತದೆ. ಒಬ್ಬ ತಜ್ಞರು ‘ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟ ನ್ಯಾಟೋ ಬಾಗಿಲವರೆಗೂ ಬಂತು, ಅದಕ್ಕೇ ರಷ್ಯಾ ಉಕ್ರೇನ್ ಮೇಲೆ ಬಿತ್ತು’ ಅನ್ನುತ್ತಾರೆ. ಪಕ್ಕದಲ್ಲಿ ಕೂತವರು ‘ಇಲ್ಲ, ಮಗ್ಗುಲಲ್ಲೇ ಒಂದು ಪ್ರಜಾಪ್ರಭುತ್ವ ಬೇರೂರುವುದು ಮಾಸ್ಕೋಗೆ ಸಹಿಸಲಾಗಲಿಲ್ಲ’ ಅನ್ನುತ್ತಾರೆ. ಮೂರನೆಯವರು ‘ಉಕ್ರೇನ್ ಬೇರೆ ದೇಶವೇ ಅಲ್ಲ ಅನ್ನುವ ನಂಬಿಕೆಯೇ ಮೂಲ’ ಅನ್ನುತ್ತಾರೆ. ಮೂವರೂ ಓದಿದ್ದು ಅದೇ ಸುದ್ದಿ. ಮುಂದಿಟ್ಟುಕೊಂಡಿರುವುದು ಅದೇ ನಕ್ಷೆ.

ಇವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಅನ್ನಿಸುವುದು ಸಹಜ. ಆದರೆ ಹೆಚ್ಚಿನ ಸಲ ಹಾಗಿರುವುದಿಲ್ಲ. ಅವರು ತಮಗೆ ತಾವೇ ಕೇಳಿಕೊಳ್ಳುವ ಮೊದಲ ಪ್ರಶ್ನೆಯೇ ಬೇರೆ ಬೇರೆ. ‘ಯಾರ ಹತ್ತಿರ ಎಷ್ಟು ಬಲ ಇದೆ?’ ಅಂತ ಶುರು ಮಾಡಿದವರು ಒಂದು ಕಡೆ ಹೋಗಿ ಮುಟ್ಟುತ್ತಾರೆ. ‘ಯಾರು ಯಾರನ್ನು ಏನೆಂದು ತಿಳಿದಿದ್ದಾರೆ?’ ಅಂತ ಶುರು ಮಾಡಿದವರು ಇನ್ನೊಂದು ಕಡೆ. ಈ ಮೊದಲ ಪ್ರಶ್ನೆಗಳ ಸುತ್ತ ಬೆಳೆದ ವಿಚಾರಗಳಿಗೇ ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳು ಅಂತ ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಬುಡದಿಂದ ಬಂದರೆ ಎಲ್ಲವೂ ಅರ್ಥವಾಗುತ್ತದೆ.

## ಪೊಲೀಸ್ ಠಾಣೆ ಇಲ್ಲದ ಬೀದಿ

ಮನೆಗೆ ಕಳ್ಳ ನುಗ್ಗಿದರೆ ಪೊಲೀಸರಿಗೆ ಫೋನ್ ಮಾಡುತ್ತೀರಿ. ಜಾಗದ ತಕರಾರು ಬಂದರೆ ಕೋರ್ಟಿಗೆ ಹೋಗುತ್ತೀರಿ. ತೀರ್ಪು ಬಂದರೆ ಅದನ್ನು ಜಾರಿ ಮಾಡುವವರೂ ಇದ್ದಾರೆ. ದೇಶದ ಒಳಗೆ ಬದುಕು ನಡೆಯುವುದು ಹೀಗೆ. ಆದರೆ ಒಂದು ಇಡೀ ದೇಶದ ಮೇಲೆ ಯಾರಾದರೂ ನುಗ್ಗಿದರೆ? ಫೋನ್ ಮಾಡಲು ನಂಬರೇ ಇಲ್ಲ.

ವಿಶ್ವಸಂಸ್ಥೆ ಇದೆಯಲ್ಲ ಅನ್ನಬಹುದು. ಅದರಲ್ಲಿ 193 ಸದಸ್ಯ ದೇಶಗಳಿವೆ, ನಿಜ. ಆದರೆ ಅದಕ್ಕೆ ಸ್ವಂತ ಸೇನೆ ಇಲ್ಲ. ಶಾಂತಿಪಾಲನೆಗೆ ಹೋಗುವ ಸೈನಿಕರೆಲ್ಲ ಸದಸ್ಯ ದೇಶಗಳು ಕಳಿಸಿದವರು. ಭದ್ರತಾ ಮಂಡಳಿಯಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದಕ್ಕೂ ವೀಟೊ ಇದೆ. ಐದರಲ್ಲಿ ಒಂದು ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ. ಉಕ್ರೇನ್ ಮೇಲೆ ದಾಳಿ ಶುರುವಾದ ಮರುದಿನ, 2022ರ ಫೆಬ್ರುವರಿ 25ರಂದು, ಆ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ ರಷ್ಯಾವೇ ವೀಟೊ ಹಾಕಿತು. ಆರೋಪಿಯೇ ನ್ಯಾಯಾಧೀಶರ ಸಾಲಿನಲ್ಲಿ ಕೂತ ಹಾಗೆ.

ದೇಶಗಳ ಮೇಲೆ ದೊಡ್ಡವರು ಅಂತ ಯಾರೂ ಇಲ್ಲದ ಈ ಸ್ಥಿತಿಗೆ ‘ಅರಾಜಕತೆ’ ಅನ್ನುತ್ತಾರೆ. ಪತ್ರಿಕೆಗಳಲ್ಲಿ ಈ ಪದಕ್ಕೆ ಗಲಭೆ, ಲೂಟಿ ಅನ್ನುವ ಅರ್ಥ ಬಂದುಬಿಟ್ಟಿದೆ. ಇಲ್ಲಿ ಹಾಗಲ್ಲ. ಮೇಲೆ ರಾಜನಿಲ್ಲ, ಅಷ್ಟೇ. ಪ್ರತಿಯೊಂದು ದೇಶವೂ ತನ್ನ ಮನೆಗೆ ತಾನೇ ಯಜಮಾನ ಅನ್ನುವುದಕ್ಕೆ ‘ಸಾರ್ವಭೌಮತೆ’ ಅನ್ನುತ್ತಾರೆ. ಅರಾಜಕತೆ, ಸಾರ್ವಭೌಮತೆ ಒಂದೇ ನಾಣ್ಯದ ಎರಡು ಮುಖ. ಎಲ್ಲರೂ ಯಜಮಾನರಾದರೆ ಎಲ್ಲರ ಮೇಲೊಬ್ಬ ಯಜಮಾನ ಇರಲು ಆಗುವುದಿಲ್ಲ, ಅಲ್ವಾ?

ಈ ಬೀದಿಯಲ್ಲಿ ಠಾಣೆ ಇಲ್ಲ ಅನ್ನುವುದನ್ನು ಹೆಚ್ಚುಕಡಿಮೆ ಎಲ್ಲ ಸಿದ್ಧಾಂತಗಳೂ ಒಪ್ಪುತ್ತವೆ. ಹಾಗಾದರೆ ಇಲ್ಲಿರುವವರು ಹೇಗೆ ಬದುಕುತ್ತಾರೆ ಅನ್ನುವಲ್ಲಿಂದ ಜಗಳ ಶುರು.

## ವಾಸ್ತವವಾದ: ಆನೆ ನಡೆದದ್ದೇ ದಾರಿ

ಕ್ರಿಸ್ತಪೂರ್ವ 416. ಗ್ರೀಸಿನ ಅಥೆನ್ಸ್ ಮತ್ತು ಸ್ಪಾರ್ಟಾ ನಗರ ರಾಜ್ಯಗಳ ನಡುವೆ ವರ್ಷಗಟ್ಟಲೆಯ ವೈರ. ಸಮುದ್ರದ ನಡುವೆ ಮೀಲೋಸ್ ಅನ್ನುವ ಪುಟ್ಟ ದ್ವೀಪ. ಅಲ್ಲಿನ ಜನ ಮೂಲದಲ್ಲಿ ಸ್ಪಾರ್ಟಾದಿಂದ ಬಂದವರು, ಆದರೂ ಯಾರ ಕಡೆಗೂ ಸೇರದೆ ಉಳಿಯಬೇಕು ಅಂದುಕೊಂಡಿದ್ದರು. ಅಥೆನ್ಸಿನ ಹಡಗುಗಳು ಬಂದು ನಿಂತವು. ಶರಣಾಗಿ, ಕಪ್ಪ ಕೊಡಿ ಅಂದವು.

ಆಗ ನಡೆದ ಮಾತುಕತೆಯನ್ನು ಥ್ಯುಸಿಡಿಡೀಸ್ ಅನ್ನುವ ಇತಿಹಾಸಕಾರ ಬರೆದಿಟ್ಟಿದ್ದಾನೆ. ಅದನ್ನು ಓದಿದರೆ ಈಗಲೂ ಮೈ ಜುಂ ಅನ್ನುತ್ತದೆ. ಮೀಲೋಸಿನವರು ನ್ಯಾಯದ ಮಾತೆತ್ತುತ್ತಾರೆ. ನಾವು ನಿಮಗೇನೂ ಕೆಡುಕು ಮಾಡಿಲ್ಲ ಅನ್ನುತ್ತಾರೆ. ದೇವರು ನಮ್ಮ ಕಡೆಗಿದ್ದಾನೆ, ಸ್ಪಾರ್ಟಾ ಬಂದು ಕಾಪಾಡುತ್ತದೆ ಅನ್ನುತ್ತಾರೆ. ಅಥೆನ್ಸಿನವರ ಉತ್ತರ ಸರಳ. ನ್ಯಾಯದ ಮಾತು ಸಮಬಲರ ನಡುವೆ ಮಾತ್ರ. ಉಳಿದಂತೆ ಬಲ ಇದ್ದವರು ಕೈಲಾದದ್ದನ್ನು ಮಾಡುತ್ತಾರೆ, ಇಲ್ಲದವರು ಅನುಭವಿಸಬೇಕಾದ್ದನ್ನು ಅನುಭವಿಸುತ್ತಾರೆ. ಸ್ಪಾರ್ಟಾ ಬರಲಿಲ್ಲ. ದ್ವೀಪ ಬಿತ್ತು. ವಯಸ್ಕ ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಆಮೇಲೆ ಅಲ್ಲಿ ನೆಲೆಸಲು ಅಥೆನ್ಸಿನಿಂದ 500 ಜನ ಬಂದರು.

ವಾಸ್ತವವಾದಿಗಳು ಈ ಕಥೆಯನ್ನು ಮತ್ತೆ ಮತ್ತೆ ನೆನೆಯುತ್ತಾರೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯದ ಮಾತು ನಮಗೂ ಹೊಸದಲ್ಲ. ಗಡಿಗೆ ಅಂಟಿದ ರಾಜ್ಯ ಸಹಜ ಶತ್ರು, ಅದರಾಚೆಯ ರಾಜ್ಯ ಸಹಜ ಮಿತ್ರ ಅನ್ನುವ ಕೌಟಿಲ್ಯನ ಮಂಡಲ ಸಿದ್ಧಾಂತವೂ ಇದೇ ಜಾಡಿನದು.

ಬೀದಿಗೆ ಠಾಣೆ ಇಲ್ಲದಿದ್ದರೆ ನಿಮ್ಮ ಕಾವಲು ನಿಮ್ಮದೇ ಅನ್ನುವುದು ಇವರ ವಾದದ ತಿರುಳು. ಎದುರು ಮನೆಯವನ ಮನಸ್ಸಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಅವನ ಕೈಯಲ್ಲಿ ಏನಿದೆ ಅನ್ನುವುದು ಕಾಣುತ್ತದೆ. ಹಾಗಾಗಿ ಮಾತನ್ನು ಬಿಡಿ, ಕೈ ನೋಡಿ ಅನ್ನುತ್ತಾರೆ.

ಇದರಿಂದ ಒಂದು ವಿಚಿತ್ರ ಪೇಚು ಹುಟ್ಟುತ್ತದೆ. ನೀವು ರಾತ್ರಿ ನೆಮ್ಮದಿಯಾಗಿ ಮಲಗಲು ಒಂದು ನಾಯಿ ಸಾಕುತ್ತೀರಿ. ಎದುರು ಮನೆಯವನಿಗೆ ಅದು ಕಾವಲು ನಾಯಿಯೋ ಛೂ ಬಿಡುವ ನಾಯಿಯೋ ಗೊತ್ತಿಲ್ಲ. ಅವನು ಎರಡು ತರುತ್ತಾನೆ. ಈಗ ನಿಮಗೆ ನಿದ್ದೆ ಇಲ್ಲ. ಇಬ್ಬರಿಗೂ ಜಗಳ ಬೇಡವಾಗಿತ್ತು. ಆದರೂ ಬೀದಿ ತುಂಬ ನಾಯಿ. ಇದನ್ನು ‘ಭದ್ರತೆಯ ಇಕ್ಕಟ್ಟು’ ಅನ್ನುತ್ತಾರೆ. ಈ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ ನಾನು. ಯಾರೂ ಕೆಟ್ಟವರಾಗದೆಯೂ ಪರಿಸ್ಥಿತಿ ಹೇಗೆ ಕೆಡುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ವಿಚಾರ ಇನ್ನೊಂದು ನನಗೆ ಸಿಕ್ಕಿಲ್ಲ.

ವಾಸ್ತವವಾದಿಗಳಲ್ಲೇ ಒಳಜಗಳ ಬೇಕಾದಷ್ಟಿದೆ. 1948ರಲ್ಲಿ ಹಾನ್ಸ್ ಮಾರ್ಗೆಂಥೌ ಮನುಷ್ಯನ ಸ್ವಭಾವದಲ್ಲೇ ಅಧಿಕಾರದ ಹಸಿವಿದೆ ಅಂದರು. 1979ರಲ್ಲಿ ಕೆನೆತ್ ವಾಲ್ಟ್ಜ್, ಮನುಷ್ಯ ಹೇಗಾದರೂ ಇರಲಿ, ಠಾಣೆ ಇಲ್ಲದ ಬೀದಿಯೇ ಎಲ್ಲರನ್ನೂ ಹಾಗೆ ನಡೆಸುತ್ತದೆ ಅಂದರು. ವಾಲ್ಟ್ಜ್ ಪ್ರಕಾರ ದೇಶಗಳಿಗೆ ಬೇಕಿರುವುದು ಸುರಕ್ಷತೆ. ಅದಕ್ಕೆ ಸಾಕಾಗುವಷ್ಟು ಬಲ ಇದ್ದರೆ ಆಯಿತು. 2001ರಲ್ಲಿ ಜಾನ್ ಮಿಯರ್‌ಶೈಮರ್, ಎಷ್ಟಿದ್ದರೆ ಸಾಕು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ದೊಡ್ಡ ದೇಶಗಳು ಜಾಸ್ತಿ ಜಾಸ್ತಿ ಬಲಕ್ಕಾಗಿ ಕೈಚಾಚುತ್ತಲೇ ಇರುತ್ತವೆ ಅಂದರು.

ಇವರೆಲ್ಲ ಯುದ್ಧಪ್ರಿಯರು ಅಂತ ಮಾತ್ರ ತಿಳಿಯಬೇಡಿ. ಮಾರ್ಗೆಂಥೌ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದವರು. ಇರಾಕ್ ಮೇಲೆ ಅಮೆರಿಕದ ದಾಳಿಗೆ ಮೊದಲೇ, 2002ರ ಸೆಪ್ಟೆಂಬರ್‌ನಲ್ಲಿ, 33 ಮಂದಿ ವಿದ್ವಾಂಸರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟು ಈ ಯುದ್ಧ ಅಮೆರಿಕಕ್ಕೇ ಒಳ್ಳೆಯದಲ್ಲ ಅಂದರು. ಅವರಲ್ಲಿ ವಾಲ್ಟ್ಜ್ ಮತ್ತು ಮಿಯರ್‌ಶೈಮರ್ ಇಬ್ಬರೂ ಇದ್ದರು. ಬಲದ ಲೆಕ್ಕ ಹಾಕುವವರಿಗೆ ಬಲ ಪೋಲಾಗುವುದೂ ಕಾಣುತ್ತದೆ.

## ಉದಾರವಾದ: ಕೊಡುಕೊಳ್ಳುವವರು ಹೊಡೆದಾಡುತ್ತಾರಾ?

ಇಲ್ಲಿ ‘ಉದಾರ’ ಅಂದರೆ ದೊಡ್ಡ ಮನಸ್ಸಿನವರು ಅಂತಲೋ ಯಾವುದೋ ಪಕ್ಷದವರು ಅಂತಲೋ ಅಲ್ಲ. ಠಾಣೆ ಇಲ್ಲದಿದ್ದರೂ ಬೀದಿಯವರು ಸೇರಿ ನಿಯಮ ಮಾಡಿಕೊಳ್ಳಬಹುದು, ಅದರಿಂದ ಎಲ್ಲರಿಗೂ ಲಾಭ ಆಗಬಹುದು ಅಂತ ನಂಬುವವರು.

ಈ ವಿಷಯ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದೇ ಈ ಆಸೆಯಿಂದ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವೇಲ್ಸ್‌ನ ಆಬರಿಸ್ಟ್‌ವಿತ್‌ನಲ್ಲಿ ಇದಕ್ಕೆಂದೇ ಮೊದಲ ಪ್ರಾಧ್ಯಾಪಕ ಪೀಠ ಶುರುವಾಯಿತು. ಇನ್ನೊಂದು ಯುದ್ಧ ಆಗಬಾರದು, ಅದಕ್ಕೆ ಯುದ್ಧದ ಕಾರಣ ತಿಳಿಯಬೇಕು ಅನ್ನುವ ತವಕ. 1920ರಲ್ಲಿ ವಿಶ್ವಸಂಸ್ಥೆಯ ಪೂರ್ವಜ ಅನ್ನಬಹುದಾದ ರಾಷ್ಟ್ರಸಂಘ ಬಂತು. ಆದರೆ ಅಮೆರಿಕ ಅದಕ್ಕೆ ಸೇರಲೇ ಇಲ್ಲ. 1931ರಲ್ಲಿ ಜಪಾನ್ ಮಂಚೂರಿಯಕ್ಕೆ ನುಗ್ಗಿತು, 1935ರಲ್ಲಿ ಇಟಲಿ ಇಥಿಯೋಪಿಯಕ್ಕೆ. ರಾಷ್ಟ್ರಸಂಘದಿಂದ ತಡೆಯಲಾಗಲಿಲ್ಲ. ವಾಸ್ತವವಾದಕ್ಕೆ ಬಲ ಬಂದದ್ದು ಈ ನಿರಾಶೆಯಲ್ಲೇ.

ಉದಾರವಾದಿಗಳು ಮುಖ್ಯವಾಗಿ ಮೂರು ಹಗ್ಗಗಳನ್ನು ನಂಬುತ್ತಾರೆ. ಒಂದು ವ್ಯಾಪಾರ. ನಿಮ್ಮ ಕಾರ್ಖಾನೆಗೆ ಅವನ ಕಬ್ಬಿಣ ಬೇಕು, ಅವನ ಮಾಲಿಗೆ ನಿಮ್ಮ ಮಾರುಕಟ್ಟೆ ಬೇಕು ಅಂದರೆ ಹೊಡೆದಾಟ ಇಬ್ಬರಿಗೂ ನಷ್ಟ. ಇದಕ್ಕೆ ಯುರೋಪಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಫ್ರಾನ್ಸ್ ಮತ್ತು ಜರ್ಮನಿ 1870ರಿಂದ 1945ರ ಒಳಗೆ ಮೂರು ಸಲ ಯುದ್ಧ ಮಾಡಿದ್ದವು. ಆಗ ಫಿರಂಗಿ, ಟ್ಯಾಂಕುಗಳಿಗೆ ಬೇಕಿದ್ದದ್ದು ಕಲ್ಲಿದ್ದಲು ಮತ್ತು ಉಕ್ಕು. 1951ರಲ್ಲಿ ಆರು ದೇಶಗಳು ಸೇರಿ ಆ ಎರಡನ್ನೇ ಜಂಟಿ ಉಸ್ತುವಾರಿಗೆ ಒಪ್ಪಿಸಿದವು. ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು ಯುದ್ಧಕ್ಕೆ ಸಜ್ಜಾಗುವುದೇ ಕಷ್ಟ ಆಗಲಿ ಅನ್ನುವುದು ಲೆಕ್ಕ. ಇಂದಿನ ಯುರೋಪಿಯನ್ ಒಕ್ಕೂಟದ ಬೀಜ ಅದು.

ಎರಡನೆಯದು ಸಂಸ್ಥೆಗಳು. ಇವು ಠಾಣೆಯಲ್ಲ, ಆದರೆ ಬೀದಿಯವರ ಸಭೆ ಅನ್ನಬಹುದು. ಯಾರು ಮಾತಿಗೆ ತಪ್ಪಿದರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಾಳೆಯೂ ಅದೇ ಜನರ ಮುಖ ನೋಡಬೇಕು ಅನ್ನುವ ಅಳುಕು ಇರುತ್ತದೆ. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವನ್ನು ವಿಶ್ವಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಅನುಮೋದಿಸಿವೆ. ಯಾರೂ ಬಂದೂಕು ತೋರಿಸಲಿಲ್ಲ. ಮೂರನೆಯದು ಪ್ರಜಾಪ್ರಭುತ್ವ. ಬೇರೂರಿದ ಎರಡು ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದು ತೀರ ಅಪರೂಪ ಅನ್ನುವುದು ಇವರ ಪ್ರಸಿದ್ಧ ವಾದ. ಅದರ ಬೇರು 1795ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಬರೆದ ಪ್ರಬಂಧದಲ್ಲಿದೆ. ಯುದ್ಧದ ಖರ್ಚು, ಸಾವುನೋವು ಹೊರುವ ಪ್ರಜೆಗಳ ಒಪ್ಪಿಗೆಯೇ ಬೇಕು ಅಂತಾದರೆ ಅವರು ಹತ್ತು ಸಲ ಯೋಚಿಸುತ್ತಾರೆ ಅನ್ನುವುದು ಅವನ ಮಾತು. ಅದೇ ಪ್ರಜಾಪ್ರಭುತ್ವಗಳು ಬೇರೆಯವರ ಮೇಲೆ ಯುದ್ಧಕ್ಕೆ ಹೋಗುವುದು ಮಾತ್ರ ಏನೂ ಕಡಿಮೆಯಾಗಿಲ್ಲ. ಅದನ್ನೂ ಹೇಳಬೇಕು.

ಹಗ್ಗ ಹರಿಯುವುದೂ ಉಂಟು. 1914ರಲ್ಲಿ ಯುರೋಪಿನ ದೇಶಗಳ ನಡುವೆ ವ್ಯಾಪಾರ ಭರ್ಜರಿಯಾಗಿ ನಡೆಯುತ್ತಿತ್ತು. ಬ್ರಿಟನ್ ಮತ್ತು ಜರ್ಮನಿ ಒಂದಕ್ಕೊಂದು ದೊಡ್ಡ ಗಿರಾಕಿಗಳು. ಆದರೂ ಯುದ್ಧ ನಿಲ್ಲಲಿಲ್ಲ. ಇನ್ನು ಸಂಸ್ಥೆಗಳ ವಿಚಾರ. 1995ರಲ್ಲಿ ಶುರುವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವ್ಯಾಪಾರದ ತಕರಾರು ಬಗೆಹರಿಸಲು ಒಂದು ಮೇಲ್ಮನವಿ ಮಂಡಳಿ ಇದೆ. ಅದಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿಯಿತು. 2019ರ ಡಿಸೆಂಬರ್‌ನಲ್ಲಿ ಮಂಡಳಿ ಕೆಲಸ ನಿಲ್ಲಿಸಬೇಕಾಯಿತು. ಸುಂಕದ ಜಗಳದ ಸುದ್ದಿ ಬಂದಾಗಲೆಲ್ಲ ‘ಹೋಗಿ ದೂರು ಕೊಡಬಾರದಾ?’ ಅಂತ ಕೇಳುವವರಿಗೆ ಉತ್ತರ ಇದು. ದೂರು ಕೊಡಬಹುದು. ಸೋತವರು ಮೇಲ್ಮನವಿ ಹಾಕಿದರೆ ಅದನ್ನು ಕೇಳಲು ಅಲ್ಲಿ ಯಾರೂ ಇಲ್ಲ.

## ರಚನಾವಾದ: 500 ಬಾಂಬಿಗೆ ಇಲ್ಲದ ಭಯ 5ಕ್ಕೆ

ಬರ್ಲಿನ್ ಗೋಡೆ 1989ರ ನವೆಂಬರ್ 9ರಂದು ತೆರೆದುಕೊಂಡಿತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಸಾವಿರಾರು ಅಣ್ವಸ್ತ್ರ ಇಟ್ಟುಕೊಂಡಿದ್ದ ಮಹಾಶಕ್ತಿಯೊಂದು ಯುದ್ಧವಿಲ್ಲದೆ ಪಕ್ಕಕ್ಕೆ ಸರಿಯಿತು. ಸೈನಿಕ ಬಲದ ಲೆಕ್ಕ ಹಾಕುತ್ತಿದ್ದವರು ಇದನ್ನು ಮೊದಲೇ ಹೇಳಿರಲಿಲ್ಲ. ಸಂಸ್ಥೆಗಳನ್ನು ನಂಬಿದವರೂ ಹೇಳಿರಲಿಲ್ಲ. ಆಗ ಇನ್ನೊಂದು ಪ್ರಶ್ನೆಗೆ ಬೆಲೆ ಬಂತು. ಮನುಷ್ಯರ ನಂಬಿಕೆ ಬದಲಾದರೆ ದೇಶಗಳ ಸಂಬಂಧವೂ ಬದಲಾಗುತ್ತದಾ?

ರಚನಾವಾದಿಗಳು ಹೌದು ಅನ್ನುತ್ತಾರೆ. ಇವರಲ್ಲಿ ಹೆಸರಾದ ಅಲೆಕ್ಸಾಂಡರ್ ವೆಂಟ್ 1992ರಲ್ಲಿ ಅರಾಜಕತೆ ಅನ್ನುವುದು ದೇಶಗಳು ಮಾಡಿಕೊಂಡ ಹಾಗೆ ಅಂದರು. ಬೀದಿಗೆ ಠಾಣೆ ಇಲ್ಲದಿರಬಹುದು. ಆದರೆ ಅಲ್ಲಿ ಮೂವತ್ತು ವರ್ಷದ ಸ್ನೇಹಿತರೂ ಇರಬಹುದು, ಮೂರು ತಲೆಮಾರಿನ ಹಗೆಯೂ ಇರಬಹುದು. ಎರಡೂ ಕಡೆ ಠಾಣೆ ಇಲ್ಲ. ಬದುಕು ಮಾತ್ರ ಒಂದೇ ಥರ ಇರುವುದಿಲ್ಲ.

ವೆಂಟ್ 1995ರಲ್ಲಿ ಕೊಟ್ಟ ಉದಾಹರಣೆಯೊಂದಿದೆ. ಬ್ರಿಟನ್ ಬಳಿ 500 ಅಣ್ವಸ್ತ್ರ ಇದ್ದರೂ, ಉತ್ತರ ಕೊರಿಯಾ ಬಳಿ 5 ಇದ್ದರೆ ಅವೇ ಅಮೆರಿಕಕ್ಕೆ ಹೆಚ್ಚು ಭಯ ಹುಟ್ಟಿಸುತ್ತವೆ. ಯಾಕೆ? ಬಾಂಬು ಬಾಂಬೇ. ಎಣಿಕೆಯೇ ಮುಖ್ಯ ಆಗಿದ್ದರೆ ನಿದ್ದೆಗೆಡಬೇಕಾದದ್ದು 500ಕ್ಕೆ. ಆದರೆ ಬ್ರಿಟನ್ ‘ನಮ್ಮವರು’, ಉತ್ತರ ಕೊರಿಯಾ ‘ಅವರು’. ಈ ‘ನಮ್ಮವರು’ ಅನ್ನುವುದು ಗೋದಾಮಿನಲ್ಲಿ ಎಣಿಸಿಡುವ ವಸ್ತು ಅಲ್ಲ. ವರ್ಷಗಳ ಒಡನಾಟದಲ್ಲಿ ಕಟ್ಟಿಕೊಂಡದ್ದು. ಅದಕ್ಕೇ ‘ರಚನಾ’ವಾದ.

ಇನ್ನೊಂದು ಸಂಗತಿ. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿ ಆದಮೇಲೆ ಯಾವ ಯುದ್ಧದಲ್ಲೂ ಅಣ್ವಸ್ತ್ರ ಬಳಕೆಯಾಗಿಲ್ಲ. ತಿರುಗೇಟಿನ ಭಯದಿಂದ ಅನ್ನುತ್ತಾರೆ ವಾಸ್ತವವಾದಿಗಳು. ಆದರೆ ವಿಯೆಟ್ನಾಂ ಬಳಿ ಅಣುಬಾಂಬ್ ಇರಲಿಲ್ಲ, ಅಮೆರಿಕ ಅಲ್ಲಿ ಸೋಲುತ್ತಿದ್ದರೂ ಅದನ್ನು ಹಾಕಲಿಲ್ಲ. 1982ರಲ್ಲಿ ಅರ್ಜೆಂಟೀನಾ ತನ್ನ ಬಳಿ ಬಾಂಬ್ ಇಲ್ಲದೆಯೂ ಅಣ್ವಸ್ತ್ರ ಇರುವ ಬ್ರಿಟನ್ನಿನ ಕೈಯಿಂದ ಫಾಕ್‌ಲ್ಯಾಂಡ್ ದ್ವೀಪಗಳನ್ನು ಕಿತ್ತುಕೊಳ್ಳಲು ಹೋಯಿತು. ‘ಅದನ್ನು ಮಾತ್ರ ಮುಟ್ಟಬಾರದು’ ಅನ್ನುವ ಒಂದು ನಿಷೇಧ ಜಗತ್ತಿನ ಮನಸ್ಸಿನಲ್ಲಿ ಬೆಳೆದಿದೆ ಅನ್ನುತ್ತಾರೆ ರಚನಾವಾದಿಗಳು. ಈ ನಿಷೇಧ ಎಷ್ಟು ಗಟ್ಟಿ, ಯಾವತ್ತು ಮುರಿಯಬಹುದು ಅಂತ ಅಳೆಯುವ ತಕ್ಕಡಿ ಅವರ ಬಳಿ ಇಲ್ಲ. ವಾಸ್ತವವಾದಿಗಳು ಅವರನ್ನು ಚುಚ್ಚುವುದು ಅಲ್ಲೇ.

## ಬೀದಿಯ ಬೆಲೆ ಕಟ್ಟಿದವರು ಯಾರು?

ಈ ಮೂರೂ ವಾದಗಳು ಬೀದಿಯ ಮನೆಗಳನ್ನು ಹೊರಗಿನಿಂದ ನೋಡುತ್ತವೆ. ಕೆಲವು ಮನೆ ಯಾಕೆ ಬಂಗಲೆ, ಕೆಲವು ಯಾಕೆ ಗುಡಿಸಲು ಅಂತ ಕೇಳುವುದಿಲ್ಲ. ಅದನ್ನು ಕೇಳಿದ್ದು ಮಾರ್ಕ್ಸ್‌ವಾದಿಗಳು ಮತ್ತು ಅವರ ಅಕ್ಕಪಕ್ಕದವರು. ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಶ್ 1950ರ ಸುಮಾರಿಗೆ ಒಂದು ಮಾತು ಹೇಳಿದರು. ಕಾಫಿ, ತಾಮ್ರ, ಗೋಧಿಯಂಥ ಕಚ್ಚಾ ಸರಕು ಮಾರುವ ದೇಶಗಳು ಅದೇ ಒಂದು ಯಂತ್ರ ಕೊಳ್ಳಲು ವರ್ಷ ಕಳೆದಂತೆ ಹೆಚ್ಚು ಹೆಚ್ಚು ಸರಕು ಕೊಡಬೇಕಾಗುತ್ತದೆ. ಅಂದರೆ ಅದೇ ವ್ಯಾಪಾರದಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ. 1970ರ ದಶಕದಲ್ಲಿ ಇಮ್ಯಾನ್ಯುಯೆಲ್ ವಾಲರ್‌ಸ್ಟೈನ್ ಇದನ್ನು ಇಡೀ ಜಗತ್ತಿಗೆ ಹಿಗ್ಗಿಸಿದರು. ಲಾಭ ಸೇರುವ ಕೇಂದ್ರ, ದುಡಿಮೆ ಹರಿದುಹೋಗುವ ಅಂಚು, ನಡುವಿನ ಕೆಲವು ದೇಶಗಳು ಅಂತ ವಿಂಗಡಿಸಿದರು. ಉದಾರವಾದಿ ಹಗ್ಗ ಅನ್ನುವುದನ್ನು ಇವರು ಮೂಗುದಾರ ಅನ್ನಬಹುದು.

ಸ್ತ್ರೀವಾದಿ ಚಿಂತಕರು ಮನೆಯ ಬಾಗಿಲನ್ನೇ ತೆರೆದರು. ಸೇನಾ ನೆಲೆಯ ಸುತ್ತ ದುಡಿಯುವ ಹೆಂಗಸರು, ರಾಜತಾಂತ್ರಿಕರ ಹೆಂಡತಿಯರು, ವಲಸೆ ಹೋದ ಮನೆಗೆಲಸದವರು ಇವರ ದುಡಿಮೆ ಇಲ್ಲದೆ ವಿಶ್ವ ರಾಜಕೀಯ ಒಂದು ದಿನವೂ ನಡೆಯದು, ಆದರೂ ಲೆಕ್ಕದಲ್ಲಿ ಅವರಿಲ್ಲ ಅಂದರು. ಇದಕ್ಕೇ ಬೇರೆ ಲೇಖನ ಬೇಕು.

## ಮತ್ತೆ ಉಕ್ರೇನ್

ಈಗ ಟಿವಿ ಚರ್ಚೆಗೆ ವಾಪಸ್ ಬನ್ನಿ. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್ ಸಭೆಯಲ್ಲಿ ನ್ಯಾಟೋ, ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ಸದಸ್ಯರಾಗುತ್ತವೆ ಅಂತ ಘೋಷಿಸಿತು. ಮೊದಲ ತಜ್ಞರು ಕೈ ತೋರಿಸುವುದು ಆ ದಿನದ ಕಡೆಗೆ. ಎದುರು ಮನೆಗೆ ನಾಯಿ ಬಂತು ಅನ್ನುವ ಲೆಕ್ಕ. ಅವರೇ ಇನ್ನೊಂದು ಮಾತೂ ಹೇಳುತ್ತಾರೆ. 1994ರ ಬುಡಾಪೆಸ್ಟ್ ಒಪ್ಪಂದದ ಹೊತ್ತಿಗೆ ಉಕ್ರೇನ್ ತನ್ನ ನೆಲದಲ್ಲಿ ಉಳಿದಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಬದಲಿಗೆ ಅದರ ಗಡಿಯನ್ನು ಗೌರವಿಸುತ್ತೇವೆ ಅಂತ ರಷ್ಯಾ, ಅಮೆರಿಕ, ಬ್ರಿಟನ್ ಮಾತು ಕೊಟ್ಟವು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಿತ್ತುಕೊಂಡಿತು. ಉಕ್ರೇನ್ ಬಾಂಬ್ ಉಳಿಸಿಕೊಳ್ಳಲಿ ಅಂತ ಮಿಯರ್‌ಶೈಮರ್ 1993ರಲ್ಲೇ ಬರೆದಿದ್ದರು.

ಉದಾರವಾದಿ ತೋರಿಸುವುದು ಬೇರೆ ಪುಟ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ದಾಳಿಯ ವಿರುದ್ಧ ಮತ ಹಾಕಿದವು. ರಷ್ಯಾ ಕಡೆ ಬಿದ್ದದ್ದು ಅದರದ್ದೂ ಸೇರಿ 5 ಮತ. 35 ದೇಶಗಳು ತಟಸ್ಥ. ಠಾಣೆ ಇಲ್ಲದಿದ್ದರೂ ಬೀದಿಯವರು ಸುಮ್ನೆ ಕೂರಲಿಲ್ಲ ಅನ್ನುತ್ತಾರೆ ಅವರು.

ರಚನಾವಾದಿ ಫಿನ್‌ಲೆಂಡಿನ ಕಡೆ ಬೆರಳು ಮಾಡುತ್ತಾರೆ. ರಷ್ಯಾ ಜೊತೆ ಸುಮಾರು 1,340 ಕಿಲೋಮೀಟರ್ ಗಡಿ ಇರುವ ಫಿನ್‌ಲೆಂಡ್ 2023ರ ಏಪ್ರಿಲ್‌ನಲ್ಲಿ ನ್ಯಾಟೋ ಸೇರಿತು. ನ್ಯಾಟೋ ಬಾಗಿಲಿಗೆ ಬಂದದ್ದೇ ಸಮಸ್ಯೆ ಆಗಿದ್ದರೆ ಅಲ್ಲೂ ಬೆಂಕಿ ಹತ್ತಬೇಕಿತ್ತು. ಹತ್ತಲಿಲ್ಲ. ಪುಟಿನ್ 2021ರ ಜುಲೈನಲ್ಲಿ ರಷ್ಯನ್ನರು ಮತ್ತು ಉಕ್ರೇನಿಯನ್ನರು ಒಂದೇ ಜನ ಅಂತ ಉದ್ದದ ಲೇಖನ ಬರೆದರು. ಫಿನ್ನರ ಬಗ್ಗೆ ಅಂಥದ್ದೇನೂ ಬರೆಯಲಿಲ್ಲ. ವಾಸ್ತವವಾದಿ ಇದಕ್ಕೂ ಉತ್ತರ ಕೊಡುತ್ತಾರೆ. ಉಕ್ರೇನಿನಲ್ಲಿ ಸಿಕ್ಕಿಕೊಂಡ ಸೇನೆಗೆ ಇನ್ನೊಂದು ಕಡೆ ನುಗ್ಗುವ ತ್ರಾಣ ಎಲ್ಲಿತ್ತು?

ಇಲ್ಲೊಂದು ಎಚ್ಚರ ಬೇಕು. ಯಾಕೆ ಆಯಿತು ಅಂತ ಹೇಳುವುದು ಬೇರೆ, ಆದದ್ದು ಸರಿ ಅನ್ನುವುದು ಬೇರೆ. ಕಾಯಿಲೆಯ ಕಾರಣ ಹೇಳಿದ ಡಾಕ್ಟರು ಕಾಯಿಲೆಯ ಪರ ಅಲ್ಲ. ಸಾಮಾಜಿಕ ಜಾಲತಾಣಗಳ ಜಗಳದಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ. ನೋಡಿದರೆ ಬೇಸರವಾಗುತ್ತದೆ.

## ಅಥೆನ್ಸಿಗೆ ಆಮೇಲೆ ಏನಾಯಿತು?

ಮೀಲೋಸಿನ ಕಥೆ ಹೇಳುವವರು ಸಾಮಾನ್ಯವಾಗಿ ಆ ದ್ವೀಪ ಬಿದ್ದಲ್ಲಿಗೆ ನಿಲ್ಲಿಸುತ್ತಾರೆ. ಹನ್ನೊಂದು ವರ್ಷ ಮುಂದಕ್ಕೆ ಹೋಗಿ. ಕ್ರಿಸ್ತಪೂರ್ವ 405ರಲ್ಲಿ ಅಥೆನ್ಸಿನ ನೌಕಾಪಡೆ ನಾಶವಾಯಿತು. ಸುದ್ದಿ ರಾತ್ರಿ ಹೊತ್ತು ಬಂದರಿಗೆ ಮುಟ್ಟಿತು. ಅಲ್ಲಿಂದ ಊರಿನ ತನಕ, ಉದ್ದನೆಯ ಗೋಡೆಗಳ ಗುಂಟ, ಒಬ್ಬರಿಂದ ಒಬ್ಬರಿಗೆ ಗೋಳಾಟ ಹರಿದು ಬಂತು. ಆ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ ಅಂತ ಇತಿಹಾಸಕಾರ ಕ್ಸೆನೊಫೋನ್ ಬರೆಯುತ್ತಾನೆ. ಸತ್ತವರಿಗಾಗಿ ಮಾತ್ರ ಅಲ್ಲ, ತಮಗಾಗಿಯೂ ಅತ್ತರು. ಮೀಲೋಸಿನವರಿಗೆ ತಾವು ಮಾಡಿದ್ದೇ ತಮಗೂ ಆಗುತ್ತದೆ ಅಂತ.

ಮರುವರ್ಷ ಅಥೆನ್ಸ್ ಶರಣಾಯಿತು. ಊರನ್ನೇ ಅಳಿಸಿಬಿಡಿ ಅಂತ ಕೊರಿಂಥ್, ಥೀಬ್ಸ್ ನಗರಗಳು ಒತ್ತಾಯ ಮಾಡಿದವು. ಸ್ಪಾರ್ಟಾ ಒಪ್ಪಲಿಲ್ಲ. ಗ್ರೀಸಿಗೆ ಅತಿ ದೊಡ್ಡ ಗಂಡಾಂತರ ಬಂದಾಗ ನೆರವಾದ ಊರನ್ನು ಗುಲಾಮಗಿರಿಗೆ ತಳ್ಳುವುದಿಲ್ಲ ಅಂದಿತು. ಗೋಡೆ ಕೆಡವಿಸಿತು, ಅಥೆನ್ಸಿಗೆ 12 ಹಡಗು ಮಾತ್ರ ಬಿಟ್ಟಿತು, ಜನರನ್ನು ಉಳಿಸಿತು.

ಯಾಕೆ ಉಳಿಸಿತು? ಥೀಬ್ಸ್ ತೀರ ಬಲಿತುಬಿಡುತ್ತದೆ, ಅದಕ್ಕೆ ಎದುರಾಗಿ ಅಥೆನ್ಸ್ ಬೇಕಿತ್ತು ಅನ್ನುತ್ತಾರೆ ವಾಸ್ತವವಾದಿಗಳು. ಗೆದ್ದವರೂ ದಾಟಬಾರದ ಒಂದು ಗೆರೆ ಗ್ರೀಕರ ಮನಸ್ಸಿನಲ್ಲಿತ್ತು ಅಂತ ರಚನಾವಾದಿಗಳು ಓದಬಹುದು. ಸ್ಪಾರ್ಟಾದ ದಂಡನಾಯಕ ಲೈಸಾಂಡರ್ ಅದೇ ಹೊತ್ತಿನಲ್ಲಿ ಇನ್ನೂ ಒಂದು ಕೆಲಸ ಮಾಡಿದ. ಅಲ್ಲಿ ಇಲ್ಲಿ ಬದುಕಿ ಉಳಿದಿದ್ದ ಮೀಲೋಸಿನ ಜನರಲ್ಲಿ ಸಿಕ್ಕಷ್ಟು ಮಂದಿಯನ್ನು ಒಟ್ಟುಗೂಡಿಸಿ ಅವರ ದ್ವೀಪವನ್ನು ಅವರಿಗೆ ವಾಪಸ್ ಕೊಟ್ಟ.